ಇನ್ನೊಂದ ಸೂತ

ಕೊಲ್ಹಾರದ ಹತ್ರ, ಹಿನ್ನೀರಿನ ದಂಡಿಗೆ
ಗಾಡಿ ತಂದಾಗ ಹೊತ್ತು ಮುಳಗಾಕ ಒಂದು ಮಾರು ಉಳದಿತ್ತು.
ಎರಿ ಮಣ್ಣು. ಮ್ಯಾಲ ಬಿರಕು ಬಿಟ್ಟು ಬಾಯಿ ತಗದಿರತೈತಿ,
ತಳದಾಗ ಏನೈತಿ ಅಂತ ಮಾತ್ರ ಹೇಳೂದಿಲ್ಲ.
ಎದುರಿಗೆ ಕೃಷ್ಣೆ, ಮುಳಗಿದ ಹೊಲಗಳ ಮ್ಯಾಲ
ಸಮನಾಗಿ ಹಾಸಿದ ನೀರು.
ಅದಕ್ಕ ಯಾರೂ ಹಲಗಿ ಕೊಟ್ಟಿಲ್ಲ.

ನಾ ಕೊಟ್ಟೆ. ತಗ್ಗಿನ ಕಡಿಗೆ ಬೇವಿನ ಹಲಗಿ ಎರಡು ಹಾಸಿ
ಗಾಲಿ ಹತ್ತಿಸಿದೆ. ಗೇರಿನ್ಯಾಗ ಬಿಟ್ಟೆ.
ಹಿಂದ ಮುಂದ ಕಲ್ಲು ಕೊಟ್ಟೆ.
ಹ್ಯಾಂಡ್‌ಬ್ರೇಕು ಮಾತು ಕೊಡತೈತಿ, ಕಲ್ಲು ಮಾತಾಡೂದಿಲ್ಲ,
ಹಿಡೀತೈತಿ.
ಹಳೇ ಮಿನಿ ಬಸ್ಸಿದು; ಸೀಟು ಕಿತ್ತು
ಹಾಸಿಗಿ, ಒಲಿ, ನೀರಿನ ಟಾಕಿ ಕೂಡಿಸಿದವ ನಾನ,
ಬೆಳಗಾವಿ ಉದ್ಯಮಬಾಗದಾಗ ಮೂವತ್ತೆರಡು ವರ್ಷ
ಲೇಥಿನ ಮುಂದ ನಿಂತವ.

ರಸಮಟ್ಟ ತಗದು ಒಲಿ ಕಟ್ಟಿ ಮ್ಯಾಲ ಇಟ್ಟೆ.
ಹಸರು ರಸದಾಗ ಗುಳ್ಳಿ ಅಡ್ಡಾಡಿ ಅಡ್ಡಾಡಿ
ಎರಡು ಗೆರಿ ನಡಕ ಬಂದು ಕುಂತಿತು.
‘ಆತು’ ಅಂದೆ.
‘ಆಗಿಲ್ಲ’ ಅಂದ್ಲು ಸುಗಂಧಾ, ಮಲಕೊಂಡು, ಕಣ್ಣು ಮುಚ್ಚಿ.
‘ತಲಿ ಬಾಗಲಾ ಕಡೆ ಜಾರಾಕತ್ತೈತಿ.’

ಹೋದ ವರ್ಷ ಆಕಿ ಕಿವಿಗೆ ಏನೋ ಆತು.
ಎದ್ರ ಮನಿ ತಿರಗತಿತ್ತು,
ಬಚ್ಚಲಕ್ಕ ಹೋಗಾಕೂ ಗ್ವಾಡಿ ಬೇಕಾಗತಿತ್ತು.
ಕಿವಿಯೊಳಗ ಮೂರು ಕೊಳವಿ, ಅದರಾಗ ನೀರು
ಅಂತ ಡಾಕ್ಟರು ಚಿತ್ರ ಬರದು ತೋರಿಸಿದ್ರು.
‘ಹಂಗಾರ ರಸಮಟ್ಟ’ ಅಂದೆ ನಾ. ಅವರು ನಕ್ಕರು.
ಆಕಿ ನಗಲಿಲ್ಲ.

‘ಗುಳ್ಳಿ ಸುಳ್ಳ ಹೇಳತೈತೇನ?’
‘ನಾ ಹೇಳತೀನೇನ?’

ಊರಾಗ ಕೊಂಡಿದ್ದ ಎಮ್ಮಿ ಹಾಲು ಕಾಸಿ, ಆರಿಸಿ,
ಸ್ಟೀಲ್ ಡಬ್ಬಿಗೆ ಸುರಿವಿ, ಹೆಪ್ಪು ಹಾಕಿ ಮುಚ್ಚಿಟ್ಟು,
ಆ ಕಡೆ ಮಾರಿ ಮಾಡಿ ಮಲಗಿದ್ಲು.
ಬೆಳತನಕ ಹಾಸಿಗಿ ಅಂಚು ಹಿಡಕೊಂಡ ಇದ್ಲು.
ನನಗ ಗೊತ್ತಿತ್ತು.
ನಿದ್ದಿ ಬಂದವರಂಗ ಉಸರು ಬಿಟ್ಟೆ.

ಗಡಿಗಿ ಬೋರಲ ಹಾಕಿದ್ರೂ ಬೀಳೂದಿಲ್ಲಂತ
ಹೆಸರು ಕೊಲ್ಹಾರದ ಮೊಸರಿಗೆ. ನಮ್ಮದೂ ಬಿಗೀನ ಆಗಿತ್ತು.
ಮುಚ್ಚಳ ತಗದು, ಏನೂ ಅನ್ನದ
ಡಬ್ಬಿ ನನ್ನ ಮುಂದಿಟ್ಟು ಆಕಿ ದಂಡಿ ಕಡೆ ಹೋದ್ಲು.
ಕಿಸೆದಾಗಿನ ಉಕ್ಕಿನ ಪಟ್ಟಿ ತಗದು ಅಳದೆ.
ಡಬ್ಬಿ ಬಾಯಿಂದ ಮೊಸರಿನ ತನಕ
ಒಂದು ಕಡೆ ಹನ್ನೊಂದು ಮಿಲಿಮೀಟರು,
ಎದುರು ಕಡೆ ಹದಿನಾಕು.
ರಾತ್ರಿ ಹೆಂಗ ವಾಲಿತ್ತೋ ಹಂಗ
ಹೆಪ್ಪಾಗಿ ಕುಂತಿತ್ತು.

ಆವಾಗ ರಸಮಟ್ಟ ತಿರುವಿ ಇಟ್ಟೆ, ಬಲದ ತುದಿ ಎಡಕ್ಕ.
ಗುಳ್ಳಿ ಗೆರಿ ದಾಟಿ ಓಡಿ ಮೂಲಿ ಹಿಡೀತು.
ಹೊಸಾ ಹುಡುಗೂರಿಗೆ ಮೊದಲನೇ ದಿನಾನ ಕಲಸ್ತಿದ್ದೆ:
ತಿರುವಿ ನೋಡದ ಮಟ್ಟ ನಂಬಬ್ಯಾಡ್ರೋ.
ಯರಗಟ್ಟಿ ಹತ್ರ ಗಾಡಿ ಜಿಗದಾಗ
ಕಪಾಟಿನಿಂದ ಬಿದ್ದಿತ್ತು ಅದು.
ನೋಡಿದ್ದೆ. ಎತ್ತಿ ಇಟ್ಟಿದ್ದೆ.

ಜಾಕು ಹಚ್ಚಿದೆ. ಅದರ ಬುಡಕ್ಕ ಪರಸಿ ಕಲ್ಲು,
ಇಲ್ಲಂದ್ರ ಎರಿ ಜಾಕನ್ನ ನುಂಗತೈತಿ.
ಆಕಿ ಬಂದ್ಲು, ಕೇಳದ ಒಳಗ ಹೋಗಿ ಮಲಗಿದ್ಲು.
‘ಈಗ?’
‘ಇನ್ನೊಂದ ಸೂತ.’

ಸೂತ ನಮ್ಮ ಶೆಡ್ಡಿನ ಮಾತು, ಇಂಚಿನ ಎಂಟನೇ ಪಾಲು.
ಆಕಿ ಯಾವಾಗ ಕಲತ್ಲು?
ಬುತ್ತಿ ತಂದು ಗೇಟಿನ್ಯಾಗ ನಿಂತಾಗ
ನಾ ಕೈ ಒರಸಿಕೊಂಡು ಬರೂ ತನಕ
ಕೇಳಿರಬೇಕು.

ಎತ್ತಿದೆ. ಸಂದಿಗೆ ಹಲಗಿ ಚೂರು ತುರಕಿದೆ,
ಮ್ಯಾಲ ಹರಕ ರಬ್ಬರ ಚಪ್ಪಲಿ ಒಂದು.
ಜಾಕು ಇಳಿಸಿ, ಕಲ್ಲು ಒದ್ದು ಗಟ್ಟಿ ಮಾಡಿ ಕೇಳಿದೆ,
‘ಈಗ?’

ಉತ್ತರ ಬರಲಿಲ್ಲ.
ಮಣಕಾಲು ಊರಿ ಗಾಲಿ ಬಾಜೂಕ ಕುಂತಿದ್ದೆ, ಮೈತುಂಬ ಎರಿ.
ತಗಡಿನ ಮ್ಯಾಲ ಬರಿಗಾಲಿನ ಸಪ್ಪಳ
ಹಾಸಿಗಿಂದ ಒಲಿ ತನಕ, ಒಲಿಯಿಂದ ಬಾಗಲಾ ತನಕ ಹೋತು.
ಗ್ವಾಡಿ ಹಿಡೀದ ನಡದ್ರ
ಸಪ್ಪಳಾನ ಬ್ಯಾರೆ.