ಮೊದಲೇ ಇದ್ದದ್ದು

ಮೂವತ್ತೆರಡು ಪುಟ. ಎಫಿ ಲಾರಿಮರ್ ಅದನ್ನು
ಮೀನು ಕಟ್ಟುವ ಕಾಗದದಲ್ಲೇ ಸುತ್ತಿ ತಂದಿದ್ದಾಳೆ.
ಆರ್ಬ್ರೋಥ್ ಬಂದರಿನ ಹಿಂದಿನ ಬೀದಿ, ನಮ್ಮ ಆಸ್ಪತ್ರೆ
ಬಾಗಿಲು ಹಾಕುವ ಹೊತ್ತು. ಹ್ಯಾಡಕ್ ಮೀನಿನ ಹೊಗೆವಾಸನೆ
ಅವಳಿಗಿಂತ ಮೊದಲೇ ಕುರ್ಚಿಯಲ್ಲಿ ಕೂತಿತು.
"ಓದಿ ಹೇಳಮ್ಮ, ಕನ್ನಡಕ ಹಾಕಿದರೂ
ಈ ಇರುವೆಸಾಲು ಒಂದು ಕಡೆ ನಿಲ್ಲುವುದಿಲ್ಲ."

ಬೆಂಚಿನ ಕೆಳಗೆ ಕಿಪ್ಪರ್, ಬಲ ಹಿಂಗಾಲು ಊರದೆ.
ಓಟದ ನಾಯಿ. ಕಿವಿಯೊಳಗೆ ಹಸಿರು ಹಚ್ಚೆ,
ಹೆಸರಿಡುವ ಮುಂಚೆ ಆ ಅಕ್ಷರಗಳೇ ಅವನು.
ಮೂರು ವರ್ಷ ಯಂತ್ರದ ಮೊಲದ ಹಿಂದೆ ಓಡಿ
ಒಮ್ಮೆಯೂ ಹಿಡಿಯದೆ ನಿವೃತ್ತನಾದವನು.

ಓದಿದೆ.
ಹಲ್ಲಿಗೆ ಇಲ್ಲ, ಏಟು ಬಿದ್ದು ಮುರಿದದ್ದರ ಹೊರತು.
ಹುಳುಕಾದರೆ ಅದು ಸಾಕಿದವರ ಉದಾಸೀನ.
ವಂಶದಿಂದ ಬಂದದ್ದಕ್ಕೆ ಇಲ್ಲ.
"ಅವನ ಅಪ್ಪ ಯಾರೋ ನನಗೇನು ಗೊತ್ತು."
ಸಹಿ ಹಾಕಿದ ಮೇಲಿನ ಹದಿನಾಲ್ಕು ದಿನ
ಯಾವ ಕಾಯಿಲೆಗೂ ಇಲ್ಲ.
"ಅಲ್ಲಿಯವರೆಗೆ ತಡಿ ಅಂತ ನಾಯಿಗೆ ಹೇಳಬೇಕಿತ್ತೇ?"
ಬಸಿರು, ಬಾಣಂತನಕ್ಕೆ ಇಲ್ಲ. ಇದಕ್ಕೆ ಇಬ್ಬರೂ ನಕ್ಕೆವು;
ಕಿಪ್ಪರ್ ತಲೆಯೆತ್ತಿ, ತನ್ನ ವಿಷಯವಲ್ಲವೆಂದು ಮಲಗಿದ.

ಹೊರತು, ಹೊರತು.
ಆ ಪದದೊಳಗೇ ಒಂದು 'ಹೊರ' ಇದೆ,
ಕದ ಹಾಕಿದ ಮೇಲೆ ಚಳಿಯಲ್ಲಿ ಉಳಿಯುವಂಥದು.

ಹನ್ನೊಂದನೇ ಪುಟ:
ಮೈಯಲ್ಲಿ ಎರಡೆರಡಾಗಿ ಇರುವುದೆಲ್ಲ ಲೆಕ್ಕಕ್ಕೆ ಒಂದೇ.
ಕಣ್ಣು, ಕಿವಿ, ಸೊಂಟದ ಕೀಲು, ಮಂಡಿ.
ಒಂದಕ್ಕೆ ಮೊದಲೇ ತೊಂದರೆಯಿದ್ದರೆ ಇನ್ನೊಂದಕ್ಕೂ
ಮೊದಲೇ ಇತ್ತೆಂದು ಭಾವಿಸತಕ್ಕದ್ದು.

"ಹರಿದದ್ದು ಬಲಮಂಡಿ," ಎಂದಳು ಎಫಿ.
"ಶನಿವಾರ, ಮರಳಿನಲ್ಲಿ, ಕಡಲಹಕ್ಕಿಯ ಹಿಂದೆ.
ಟಪ್ಪೆಂದದ್ದು ನನ್ನ ಕಿವಿಗೇ ಬಿತ್ತು.
ಎಡಕ್ಕೆ ಏನಾಗಿತ್ತು?"

ಕಂಪ್ಯೂಟರಿನಲ್ಲಿ ಅವನ ಕಡತ ತೆರೆದೆ.
ಎರಡು ವರ್ಷದ ಹಿಂದೆ, ಅವನು ಅವಳ ಮನೆಗೆ ಬಂದ ಮೊದಲ ವಾರ,
ಪಾಲಿಸಿಗೆ ಆರು ದಿನ ಮುಂಚೆ,
ಉಗುರು ಕತ್ತರಿಸಿಕೊಳ್ಳಲು ಬಂದಾಗಿನ ಒಂದು ಟಿಪ್ಪಣಿ:
ಎಡ ಹಿಂಗಾಲು ತುಸು ಎಳೆಯುತ್ತಾನೆ. ಒದ್ದೆ ಹುಲ್ಲಿರಬಹುದು.
ಕೆಳಗೆ ಎರಡಕ್ಷರ, ನನ್ನ ಹೆಸರಿನವು.

ಬರೆ ಎಂದು ಯಾರೂ ಹೇಳಿರಲಿಲ್ಲ.
ವೈದ್ಯರ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿತ್ತೆಂಬ
ಸಣ್ಣ ಜಂಬದಲ್ಲಿ ಬರೆದಿಟ್ಟಿದ್ದೆ.
ಒದ್ದೆ ಹುಲ್ಲನ್ನು ಬಿಟ್ಟು ಉಳಿದದ್ದನ್ನು ಕಂಪನಿ ಓದಿತು.
ನಾಲ್ಕು ಪದ; ಶಸ್ತ್ರಚಿಕಿತ್ಸೆಗೆ ನಾಲ್ಕು ಸಾವಿರದ ಇನ್ನೂರು ಪೌಂಡು.
ನನ್ನ ಬರವಣಿಗೆಗೆ ಇಷ್ಟು ಬೆಲೆ ಹಿಂದೆಂದೂ ಬಂದಿಲ್ಲ.

ಕರ್ಸರು ಸಾಲಿನ ತುದಿಯಲ್ಲಿ ಮಿಣುಕುತ್ತಿತ್ತು,
ಒಳಗೋ ಹೊರಗೋ ಹೇಳು ಎಂದು
ನಾಯಿ ಹೊಸ್ತಿಲಲ್ಲಿ ನಿಂತ ಹಾಗೆ.
ಅಳಿಸಿದ್ದರೆ ತಾನೇ ಏನು,
ಪ್ರತಿ ಆಗಲೇ ಅವರ ಮೇಜು ಸೇರಿತ್ತು.
(ಸೇರಿರದಿದ್ದರೆ? ಗೊತ್ತಿಲ್ಲ.)

"ಬರೆದವಳು ನಾನೇ."

ಎಫಿ ಬಹಳ ಹೊತ್ತು ಕಾಗದ ಮಡಿಸಿದಳು.
ನಲವತ್ತು ವರ್ಷ ಮೀನಿನ ಮುಳ್ಳು ಬಿಡಿಸಿದ ಬೆರಳು.
"ಎಳೆಯುತ್ತಿದ್ದನೇ?"
"ಹೌದು. ಸ್ವಲ್ಪ."
"ನಾನು ನೋಡಲೇ ಇಲ್ಲ ನೋಡು.
ಆ ವಾರವೆಲ್ಲ ನಾನು ಅವನ ಕಿವಿಯನ್ನೇ ನೋಡುತ್ತಿದ್ದೆ."

ಈಗ ಶುಕ್ರವಾರಕ್ಕೊಮ್ಮೆ ನಲವತ್ತು ಪೌಂಡು,
ಹೊಗೆ ಕುಡಿದ ನೋಟುಗಳು. ತೀರಲು ಎರಡು ವರ್ಷ.
ನಾಯಿಗೆ ಅಷ್ಟು ಉಳಿದಿದೆಯೋ ಇಲ್ಲವೋ
ಮೂವತ್ತೆರಡು ಪುಟದಲ್ಲೂ ಹೇಳಿಲ್ಲ.
ಹೊಲಿದ ಕಾಲನ್ನು ಮೊದಲು ಊರಿ, ಆಮೇಲೆ ಯೋಚಿಸಿ,
ಅವನು ನಮ್ಮ ಮೆಟ್ಟಿಲು ಹತ್ತುತ್ತಾನೆ.

ಇವತ್ತು ಬೆಳಿಗ್ಗೆ ಹೊಸದೊಂದು ಬೆಕ್ಕಿನ ಮರಿ
ಮೇಜಿನ ಮೇಲೆ ಎರಡು ಸಲ ಸೀನಿತು.
ವೈದ್ಯರು ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದರು.
ಮರಿಯನ್ನು ತಂದ ಹುಡುಗ ನನ್ನ ಮುಖ ನೋಡಿದ.
ನಾನು ಕೀಲಿಮಣೆ ನೋಡಿದೆ.