ಹೈಮಾ ದಾಟುವಾಗ

ರೂವಿಯಿಂದ ಸಲಾಲಾಕ್ಕೆ ಸಾವಿರ ಕಿಲೋಮೀಟರು.
ಉಣ್ಣೆಯ ಶಾಲು ಬೇಡ, ಕಿಡಿ ಹಾರೀತು ಎಂದ ಹಮ್ಮಬ್ಬ;
ಗ್ರಾಫಿಕ್ಸ್ ಕಾರ್ಡು ಬಿಚ್ಚಿ
ಬೂದು ಚೀಲಕ್ಕಿಳಿಸಿದ, ಉಸಿರು ಬಿಗಿಹಿಡಿದು.

ಡಿಕ್ಕಿಯಲ್ಲಿ ಬೇಯುತ್ತದಂತೆ ಸಿಪಿಯು.
ಮುಂದಿನ ಸೀಟು ಅದಕ್ಕೆ, ಬೆಲ್ಟು ಅದಕ್ಕೆ,
ಏಸಿಯ ಗಾಳಿಯೂ.
ನಾನು ಹಿಂದೆ, ಚಪ್ಪಲಿ ಕಳಚಿ,
ಎರಡು ದಿಂಬಿನ ನಡುವೆ ಮಾನಿಟರನ್ನು ನೆಟ್ಟಗೆ ನಿಲ್ಲಿಸಿಕೊಂಡು.

ಪಂಪಿನಲ್ಲಿ ಚಹಾ ತಂದ ಹುಡುಗ ಇಣುಕಿದ:
ಹೊದಿಕೆಯೊಳಗೇನು, ಹಕ್ಕಿಯೇ?
ನಾನು ನಕ್ಕೆ. ಹಮ್ಮಬ್ಬ ನಗಲಿಲ್ಲ.

ಹೈಮಾ ದಾಟಿ ಒಂಟೆಯೊಂದು ರಸ್ತೆಗೆ ಬಂತು.
ಬ್ರೇಕು ಒತ್ತುತ್ತಲೇ ಅವನ ಬಲಗೈ
ಪೆಟ್ಟಿಗೆಗೆ ಅಡ್ಡ ಹೋಯಿತು.
ಆ ಕೈ ನನಗೆ ಹಾಗೆ ಅಡ್ಡ ಬಂದದ್ದು ಒಮ್ಮೆ,
ನಿಜ್ವಾದ ದಾರಿಯಲ್ಲಿ,
ನನಗೆ ಏಳು ತಿಂಗಳಾಗಿದ್ದಾಗ.

ಒಂಟೆ ನಿಧಾನವಾಗಿ ದಾಟಿತು.
ಹಾರ್ಡ್ ಡಿಸ್ಕು ನನ್ನ ಬ್ಯಾಗಿನಲ್ಲಿತ್ತು,
ಪಾಸ್‌ಪೋರ್ಟುಗಳ ಕೆಳಗೆ;
ಅದನ್ನವನು ಹಿಂತಿರುಗಿ ಕೇಳಲಿಲ್ಲ.