ಮೂರೇ ಸಾಕು ಅಂದರೆ

ಮೆಷೀನಿನ ಡ್ರಾಯರಿನಲ್ಲಿ, ಸೀಮೆಸುಣ್ಣದ ಚೂರುಗಳ ಕೆಳಗೆ
ಒಂದು ಹಳೇ ಜರ್ದಾ ಡಬ್ಬಿ. ಅದರೊಳಗೆ
ಇಪ್ಪತ್ತೆರಡು ಸುಳ್ಳು ಹುಳ.
ಒಂದೊಂದೂ ನಾನೇ ಕಟ್ಟಿದ್ದು,
ಅಂಗಡಿಯ ಬಾಗಿಲು ಅರ್ಧ ಎಳೆದು,
ಗಾಳವನ್ನು ಮೆಷೀನಿನ ಪಾದದಡಿ ಕಚ್ಚಿಸಿ,
ನಾಲಿಗೆ ಹೊರಗೆ ಚಾಚಿಕೊಂಡು.

ಕಾಜಾ ಹೊಲಿಯುವ ಹುಡುಗ ಮರುಳಸಿದ್ದ ಕೇಳುತ್ತಾನೆ:
"ಬುಡೇನ್ ಚಾಚಾ, ಮೂರೇ ಒಯ್ಯಬೇಕು ಅಂದ್ರೆ ಯಾವ ಮೂರು?"
ಇದು ಕೇಳುವ ಮಾತೇನೋ!
ಹತ್ತು ಬೆರಳಲ್ಲಿ ಮೂರು ಆರಿಸು ಅಂದಹಾಗೆ.

ಆದರೂ ನಾಳೆ ಮಂಗಳವಾರ, ಅಂಗಡಿಗೆ ರಜ.
ಹರಿಹರದ ಹೊಳೆಗೆ ಮಿರುಗದ ಮಳೆಯ ಮೊದಲ ಕೆಂಪು ಇಳಿದಿದೆ.
ಡಬ್ಬಿಯನ್ನು ಇಸ್ತ್ರಿ ಟೇಬಲ್ಲಿನ ಮೇಲೆ ಕವುಚಿದೆ.

ಮೊದಲನೆಯದು ಈಸಲು. ಅದರಲ್ಲಿ ಎರಡು ಮಾತಿಲ್ಲ.
ಮೈಗೆ, ರೇಷ್ಮೆ ಜುಬ್ಬಾದ ಅಂಚಿನಿಂದ ಬಿಚ್ಚಿದ ಜೇನುಬಣ್ಣದ ಎಳೆ;
ರೆಕ್ಕೆಗೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆ ಆರ್ಗಂಡಿ.
ಬೀದಿದೀಪದ ಸುತ್ತ ಹುಳ ಎದ್ದ ರಾತ್ರಿಯ ಮರುದಿನ
ಇದನ್ನು ನೀರಿಗೆ ಬಿಡು. ಸುಮ್ಮನೆ ತೇಲಲಿ, ಎಳೆಯಬೇಡ.
ರೆಕ್ಕೆ ಸೋತ ಹುಳ ಈಜುವುದಿಲ್ಲ ಕಣಪ್ಪ.

ಎರಡನೆಯದು ವಕೀಲ.
ಹೌದು, ಹೆಸರೇ ಹಾಗೆ. ಕಂಚಿಕೇರಿ ವಕೀಲರ ಕೋಟಿನ ಲೈನಿಂಗು
ಒಂದು ಗೇಣು ಮಿಕ್ಕಿತ್ತು;
ಕೊರಳಿಗೆ ಕಪ್ಪು ಹುಂಜದ ಗರಿ, ಎರಡೇ ಸುತ್ತು.
ಇದು ತಳಕ್ಕಿಳಿಯುತ್ತದೆ, ಕಲ್ಲುಸಂದಿಗೆ ಮೂಗು ತೂರಿಸಿ
ಮಲಗಿದ ಕೊರವನನ್ನು ವಾದಕ್ಕೆಳೆಯುತ್ತದೆ.
ಹತ್ತಕ್ಕೆ ನಾಲ್ಕು ಸಲ ಗೆಲ್ಲುತ್ತದೆ.
ಕಂಚಿಕೇರಿಯವರಿಗಿಂತ ವಾಸಿ.

ಮೂರನೆಯದಕ್ಕೆ ಕೈ ತಡೆಯಿತು.
ನವಿಲುಹಸಿರು. ಕಟ್ಟುವುದಕ್ಕೆ ಒಂದು ವಾರ ಹಿಡಿದದ್ದು.
ಬೆನ್ನಿಗೆ ಜರಿ, ಸೊಂಟಕ್ಕೆ ಹನ್ನೊಂದು ಸುತ್ತು,
ಎಣಿಸಿದ್ದೇನೆ.
ಅಂಗಡಿಗೆ ಬಂದವರೆಲ್ಲ ಇದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಾರೆ,
ಮೀನೊಂದನ್ನು ಬಿಟ್ಟು.
ಆರು ವರ್ಷವಾಯಿತು.
"ಇದು" ಅಂದೆ, "ಇದೇ ಮೂರನೆಯದು."
ಹುಡುಗ ತಲೆಯಾಡಿಸಿ ದಾರವನ್ನು ಹಲ್ಲಲ್ಲಿ ಕಡಿದ.

ಅವನಿಗೆ ಹೇಳದ್ದು ಒಂದಿದೆ.
ಡಬ್ಬಿಯಲ್ಲಿ ಇಲ್ಲ, ಅಂಗಿಯ ಜೇಬಿನಲ್ಲಿದೆ,
ಹಳೇ ಬಸ್ ಟಿಕೇಟಿನಲ್ಲಿ ಸುತ್ತಿದ್ದು:
ಕೋಟಿನ ಭುಜಕ್ಕೆ ಇಡುವ ಸ್ಪಂಜಿನ ಬಿಳಿ ತುಣುಕು,
ಎರಡು ತುದಿ ಚೂಪು, ನಡುವೆ ಉಬ್ಬು,
ಗಾಳಕ್ಕೆ ಅಂಟಿಸಿದ್ದು, ಅಷ್ಟೇ.
ಮಂಡಕ್ಕಿ.

ತಿಂದವರು ಸೇತುವೆಯ ಮೇಲಿಂದ ಪೊಟ್ಟಣ ಕೊಡವುತ್ತಾರೆ,
ಕೆಳಗೆ ಗೆಂಡೆಗಳು ಕಲಿತುಬಿಟ್ಟಿವೆ.
ಈಸಲು ಏಳುವುದು ವರ್ಷಕ್ಕೆ ನಾಲ್ಕು ದಿನ,
ಮಂಡಕ್ಕಿ ದಿನಾ ಸಂಜೆ ನಾಲ್ಕಕ್ಕೆ.
ನಲವತ್ತು ವರ್ಷ ಹುಳದ ಕಾಲು ಎಣಿಸಿ ಕಟ್ಟಿದವನು
ಇದನ್ನು ಯಾರ ಮುಂದೆ ತೆಗೆಯಲಿ?

ಮಂಗಳವಾರ. ಮೂರನೇ ಕಂಬದ ಹಿಂದೆ, ನೀರು ತಿರುಗುವ ಕಡೆ ಕೂತೆವು.
ಈಸಲು ತೇಲಿ ತೇಲಿ ಒದ್ದೆಯಾಯಿತು.
ವಕೀಲ ಕಲ್ಲಿಗೆ ಸಿಕ್ಕಿ ಅಲ್ಲೇ ಉಳಿದ, ತಂಗೂಸಿ ಮಾತ್ರ ವಾಪಸು.
ನವಿಲುಹಸಿರನ್ನು ಹುಡುಗನೇ ಎಸೆದ.
ಚೆಂದ ಹೋಯಿತು, ಚೆಂದ ಬಂತು.

ನಾಲ್ಕು ಗಂಟೆಗೆ ಮೇಲೆ ಯಾರೋ ಪೊಟ್ಟಣ ಕೊಡವಿದರು.
ನೀರು ಹತ್ತು ಕಡೆ ಬಾಯಿ ಬಿಟ್ಟಿತು.
"ಹೋಗು, ಒಂದು ಕಟ್ಟು ಬೀಡಿ ತಗೊಂಡು ಬಾ" ಅಂತ
ಹುಡುಗನನ್ನು ದಡ ಹತ್ತಿಸಿದೆ.

ಅವನು ಬರುವಷ್ಟರಲ್ಲಿ ಟವೆಲ್ಲಿನ ಮೇಲೆ ಗೆಂಡೆ,
ಮೊಳಕ್ಕೆ ಎರಡು ಬೆರಳು ಕಡಿಮೆ, ಇನ್ನೂ ಕಿವಿರು ಆಡಿಸುತ್ತಿತ್ತು.
ಬಿಡಿಸಲು ಪುರಸೊತ್ತಾಗಿರಲಿಲ್ಲ;
ತುಟಿಯಲ್ಲಿ ಬಿಳಿ ಚೂರು.
ಬಗ್ಗಿ ನೋಡಿದ.
ನೋಡುತ್ತಲೇ ಇದ್ದ.
ನಾನು ಹೊಳೆಯ ಆಚೆ ದಡದ ಎಮ್ಮೆಗಳನ್ನು ಎಣಿಸಿದೆ.
ಬೀಡಿ ಕೊಟ್ಟ, ಕಡ್ಡಿ ಗೀರಿದ,
ಗಾಳಿಗೆ ಕೈ ಮರೆಮಾಡಿ ಹಿಡಿದು ಕೇಳಿದ:

"ಚಾಚಾ, ಇದು ಖಾರ ಹಚ್ಚಿದ್ದೋ, ಸಪ್ಪಂದೋ?"